ಅಡ್ರಿನಲ್ ತೊಂದರೆ ಇರುವ ಮಗುವಿಗೆ ಜ್ವರ ಬಂದಾಗ ಹೈಡ್ರೋಕಾರ್ಟಿಸೋನ್ ಜಾಸ್ತಿ ಕೊಡಬೇಕಾ?

ಹೌದು, ಕೊಡಲೇಬೇಕು. ನನ್ನ ಮಗಳಿಗೂ ಸಿಎಎಚ್ (ಹುಟ್ಟಿನಿಂದಲೇ ಬರುವ ಅಡ್ರಿನಲ್ ಗ್ರಂಥಿಯ ಕಾಯಿಲೆ) ಇದೆ. ಜ್ವರ ಬಂದರೆ ನಮ್ಮ ದೇಹ ತಾನಾಗಿ ಕಾರ್ಟಿಸೋಲ್ ಎಂಬ, ಕಾಯಿಲೆಯ ಒತ್ತಡ ತಾಳಲು ಬೇಕಾದ ಹಾರ್ಮೋನನ್ನು ಹೆಚ್ಚಿಸಿಕೊಳ್ಳುತ್ತದೆ. ಈ ಮಕ್ಕಳ ಅಡ್ರಿನಲ್ ಗ್ರಂಥಿಗೆ ಅದು ಆಗುವುದಿಲ್ಲ, ಕಾರ್ಟಿಸೋಲ್‌ನದೇ ಔಷಧರೂಪವಾದ ಹೈಡ್ರೋಕಾರ್ಟಿಸೋನ್ ಮಾತ್ರೆಯೇ ಗತಿ.

ಮಾಮೂಲಿ ಡೋಸ್, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ ಸುಮಾರು 10–15 ಮಿಲಿಗ್ರಾಂ, ಮೂರು ಹೊತ್ತಿಗೆ ಹಂಚಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯವಾಗಿ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು. ನಿಮ್ಮ ಡಾಕ್ಟರು ಬರೆದುಕೊಟ್ಟ ಚೀಟಿ ಬೇರೆ ಹೇಳಿದರೆ ಅದೇ ಸರಿ. ಬರೀ ನೆಗಡಿಗೆ, ಪರೀಕ್ಷೆಯ ಟೆನ್ಷನ್‌ಗೆ ಸುಮ್ನೆ ಏರಿಸಬೇಡಿ. ದಿನಾ ಜಾಸ್ತಿಯಾದರೆ ಎತ್ತರ ಕುಂಠಿತವಾಗುತ್ತದೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ವಾಂತಿ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಗು ಮಂಕಾದರೆ, ಕಾಯಬೇಡಿ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತೊಡೆಗೆ ಕೊಟ್ಟು ಆಸ್ಪತ್ರೆಗೆ ಹೊರಡಿ. ಮೂರು ವರ್ಷದೊಳಗೆ 25, ಹನ್ನೆರಡರವರೆಗೆ 50, ಆಮೇಲೆ 100 ಮಿಲಿಗ್ರಾಂ. ಕೊಡುವುದನ್ನು ಮೊದಲೇ ನರ್ಸ್ ಹತ್ತಿರ ಕಲಿತಿಟ್ಟುಕೊಳ್ಳಿ. ನಾವಿರುವುದು ಮೂಡಿಗೆರೆ ಕಡೆಯ ತೋಟದಲ್ಲಿ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಹಾಸನ ಮುಟ್ಟುವುದು ಯಾವಾಗಲೋ! ಅದಕ್ಕೇ ಒಂದು ವಯಲ್ ಮನೆಯಲ್ಲಿ, ಇನ್ನೊಂದು ಶಾಲೆಯಲ್ಲಿ. ಎಕ್ಸ್‌ಪೈರಿ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ.