ತಟ್ಟೆ ಮೇಲಿನ ಕಣ್ಣು

ದಾಂಪತ್ಯದ ಆಪ್ತಸಲಹೆಗೆ ನನ್ನ ಬಳಿ ಒಂದು ಬಗೆಯ ಜೋಡಿಗಳು ಮತ್ತೆ ಮತ್ತೆ ಬರುತ್ತಾರೆ. ಜಗಳ ಇರುವುದು ಊಟದ ಬಗ್ಗೆ, ಆದರೆ ಮೊದಲ ದಿನ ಯಾರೂ ಹಾಗೆ ಹೇಳುವುದಿಲ್ಲ. "ಇವರಿಗೆ ಸಿಟ್ಟು ಜಾಸ್ತಿ", "ಇವಳು ಎಲ್ಲದಕ್ಕೂ ಕೊಂಕು ತೆಗೀತಾಳೆ" ಅಂತ ಶುರುವಾಗುತ್ತದೆ. ಅಂಥ ಒಂದು ಜೋಡಿಯ ಕಥೆ ಇದು. ಗುರುತು ಸಿಗುವ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

ಗಂಡನಿಗೆ 40 ದಾಟಿತ್ತು. ದಿನವಿಡೀ ಕೂತು ಮಾಡುವ ಕೆಲಸ, ರಾತ್ರಿ ಅರ್ಧಂಬರ್ಧ ನಿದ್ದೆ. ವರ್ಷದ ಹಿಂದೆ ಎಚ್‌ಬಿಎ1ಸಿ 6.2 ಬಂದಿತ್ತು. ಹಿಂದಿನ ಎರಡು ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಸರಾಸರಿ ಹೇಗಿತ್ತು ಅಂತ ಹೇಳುವ ಪರೀಕ್ಷೆ ಅದು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. 5.7ರಿಂದ 6.4ರವರೆಗೆ ಅದರ ಹಿಂದಿನ ಹಂತ. "ಬಾರ್ಡರ್‌ನಲ್ಲಿದೆ" ಅಂದಿದ್ದರು ಡಾಕ್ಟರ್. ಆ ಮಾತು ಗಂಡನಿಗೆ "ಏನೂ ಆಗಿಲ್ಲ" ಅಂತ ಕೇಳಿಸಿತು. ಹೆಂಡತಿಗೆ "ಎಲ್ಲಾ ಮುಗೀತು" ಅಂತ ಕೇಳಿಸಿತು.

ಮೂರನೇ ಭೇಟಿಯಲ್ಲಿ ಗಂಡ ತುಂಬಾ ಹೊತ್ತು ಸುಮ್ನೆ ಕೂತಿದ್ದು, ಆಮೇಲೆ ಹೇಳಿದರು: "ಮೇಡಂ, ಇವಳು ನನ್ನ ತಟ್ಟೆ ನೋಡ್ತಾಳೆ. ನನ್ನ ಮುಖ ನೋಡಿ ವರ್ಷ ಆಯ್ತು."

ಹೆಂಡತಿ ತಿರುಗಿ ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗಿನ ತುದಿ ಹಿಡಿದುಕೊಂಡು, "ಮುಖ ನೋಡಿದ್ರೆ ನಮ್ಮಪ್ಪ ನೆನಪಾಗ್ತಾರೆ ರೀ" ಅಂದರು. ಅವರ ತಂದೆಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ, ಪಾದ ತೆಗೆಯಬೇಕಾಗಿ ಬಂದಿತ್ತು. ಹದಿನೈದು ವರ್ಷದ ದಾಂಪತ್ಯದಲ್ಲಿ ಆ ದಿನಗಳ ಬಗ್ಗೆ ಅವರು ಗಂಡನ ಹತ್ತಿರ ಒಂದು ಸಲವೂ ಮಾತಾಡಿರಲಿಲ್ಲ. ಗಂಡ ಆಗ ಇನ್ನೊಂದು ವಿಷಯ ಬಾಯಿಬಿಟ್ಟರು. ಮನೆಯಲ್ಲಿ ಕಡಿಮೆ ತಿಂದು, ದಾರಿಯಲ್ಲಿ ಕಾರು ನಿಲ್ಲಿಸಿ, ಒಳಗೇ ಕೂತು ತಿನ್ನುತ್ತಿದ್ದರಂತೆ. ಆರು ತಿಂಗಳ ಹಿಂದೆ ಮಾಡಿಸಬೇಕಿದ್ದ ಪರೀಕ್ಷೆಯನ್ನೂ ಬೇಕೆಂದೇ ಮರೆತಿದ್ದರು.

ನಾನು ಮೂರು ಮಾತು ಹೇಳಿದೆ. ಊಟದ ಹೊತ್ತಲ್ಲಿ ಊಟದ ಬಗ್ಗೆ ಟೀಕೆ ಬೇಡ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಇಬ್ಬರೂ ಜೊತೆಯಲ್ಲಿ ನಡೆಯಿರಿ. ಮತ್ತೆ ಈ ವಾರವೇ ಪರೀಕ್ಷೆಗೆ ಹೋಗಿ, ಇಬ್ಬರೂ. ಔಷಧಿ ಬೇಕೋ ಬೇಡವೋ ಅನ್ನುವುದು ಡಾಕ್ಟರ್ ಹೇಳಬೇಕಾದ್ದು.

ಇದು ತೀರಾ ಮೆದು ಸಲಹೆ, ಸ್ವಲ್ಪ ಹೆದರಿಸಬೇಕಿತ್ತು ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಆ ಮನೆಯಲ್ಲಿ ಹೆದರಿಕೆಗೆ ಏನೂ ಕೊರತೆ ಇರಲಿಲ್ಲ. ಒಂದು ವರ್ಷದ ಹೆದರಿಕೆಯಿಂದ ಸಿಕ್ಕಿದ್ದು ಕಾರಿನೊಳಗಿನ ಊಟ, ತಪ್ಪಿಸಿಕೊಂಡ ಪರೀಕ್ಷೆ. ನಾಚಿಕೆಯಾದವನು ತಿನ್ನುವುದನ್ನು ಬಿಡುವುದಿಲ್ಲ, ಬಚ್ಚಿಟ್ಟು ತಿನ್ನುತ್ತಾನೆ.

ನಡಿಗೆಯನ್ನೂ ನಾನು ಸುಮ್ನೆ ಹೇಳಿದ್ದಲ್ಲ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಇದೇ ಬಾರ್ಡರ್ ಹಂತದ ಮೂರು ಸಾವಿರಕ್ಕೂ ಜಾಸ್ತಿ ಜನ ಇದ್ದರು. ವಾರಕ್ಕೆ 150 ನಿಮಿಷ ಚಟುವಟಿಕೆ, ಶೇ. 7ರಷ್ಟು ತೂಕ ಇಳಿಕೆ ಎಂಬ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಮಾತ್ರೆಯಿಂದ ಕಡಿಮೆಯಾದದ್ದು ಶೇ. 31. ಬಾರ್ಡರ್ ಅಂದರೆ ವಾಪಸ್ ಬರಲು ಇನ್ನೂ ದಾರಿ ಇದೆ ಅಂತ ಅರ್ಥ. ಇದನ್ನು ರಿಪೋರ್ಟ್ ಕೊಡುವಾಗಲೇ ಹೇಳಬೇಕು ಅಲ್ವಾ?

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಲೆಕ್ಕದಲ್ಲಿ ಜಗತ್ತಿನ 53.7 ಕೋಟಿ ವಯಸ್ಕರಿಗೆ ಸಕ್ಕರೆ ಕಾಯಿಲೆ ಇತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ಗೊತ್ತೇ ಇರಲಿಲ್ಲ. ಇಷ್ಟೊಂದು ಜನರಿಗೆ ಒಟ್ಟಿಗೆ ಬಾಯಿ ಚಪಲ ಹತ್ತಿತು ಅಂದರೆ ನಾನು ನಂಬಲಾರೆ. ಕುರ್ಚಿ ಬಿಟ್ಟು ಏಳಲು ಬಿಡದ ಕೆಲಸ, ಕಿತ್ತುಕೊಂಡ ನಿದ್ದೆ, ಕೈಗೆ ಮೊದಲು ಸಿಗುವ ಸಿಹಿ ಪಾನೀಯ, ಇವೆಲ್ಲ ಒಬ್ಬ ಮನುಷ್ಯನ ತಪ್ಪಲ್ಲ. ಆದರೆ ಬೈಗುಳ ಮಾತ್ರ ಅವನೊಬ್ಬನಿಗೇ.

ನಾಲ್ಕು ತಿಂಗಳ ನಂತರ ಆ ಗಂಡನ ಎಚ್‌ಬಿಎ1ಸಿ 5.9ಕ್ಕೆ ಇಳಿದಿತ್ತು. ಹೆಂಡತಿ ತಮ್ಮ ರಿಪೋರ್ಟ್ ಚೀಲದಿಂದ ತೆಗೆಯಲು ಹಿಂದೆಮುಂದೆ ನೋಡಿದರು. ಅವರ ರಕ್ತದೊತ್ತಡ ಏರಿತ್ತು. ಹೊಟ್ಟೆಯ ಸುತ್ತಳತೆಯೂ ಜಾಸ್ತಿ. ಇಷ್ಟು ವರ್ಷ ತಮ್ಮನ್ನು ಯಾರಿಗೂ ತೋರಿಸಿಕೊಂಡಿರಲಿಲ್ಲ.

ಗಂಡ ಆ ಹಾಳೆಯನ್ನು ಓದಿ ಮಡಚಿಟ್ಟರು. ಹೆಂಡತಿಯ ಮುಖ ನೋಡಿ, "ಭಯ ಆಗ್ತಿದ್ಯಾ?" ಅಂತ ಕೇಳಿದರು.