ಶೇಕ್ ಟೇಬಲ್ ಮೇಲಿನ ಗೋಡೆ, ಸದಾಶಿವ ಪೇಟೆಯ ಬಿರುಕು

ಪ್ರಶ್ನೆ: ಪುಣೆಯ ಸದಾಶಿವ ಪೇಟೆಯಲ್ಲಿರುವ ನಮ್ಮ ಮೂರಂತಸ್ತಿನ ಹಳೆಯ ಕಟ್ಟಡಕ್ಕೆ ಕಾಲಂಗಳಿಲ್ಲ, ಇಟ್ಟಿಗೆ ಗೋಡೆಗಳೇ ಭಾರ ಹೊತ್ತಿವೆ. ಕಿಟಕಿಗಳ ಮೂಲೆಯಿಂದ ಓರೆಯಾಗಿ ಸಣ್ಣ ಬಿರುಕುಗಳಿದ್ದು, ಅವು 1967ರ ಕೊಯ್ನಾ ಭೂಕಂಪದವೆಂದು ಹಿರಿಯರು ಹೇಳುತ್ತಾರೆ. ಪ್ರಯೋಗಾಲಯದಲ್ಲಿ ಮನೆಯ ಮಾದರಿಯನ್ನು ಅಲುಗಾಡಿಸಿ ಹಾನಿ ಎಷ್ಟೆಂದು ಅಂಕಿಯಲ್ಲಿ ಹೇಳುತ್ತಾರಂತೆ. ಅದನ್ನು ಅಳೆಯುವುದು ಹೇಗೆ? ನಮ್ಮ ಕಟ್ಟಡಕ್ಕೂ ಅಂಥ ಅಂಕಿ ಸಿಗಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಪ್ರಯೋಗಾಲಯಕ್ಕೆ ಇರುವ ದೊಡ್ಡ ಅನುಕೂಲವೆಂದರೆ, ಹಾನಿಯಾಗುವ ಮೊದಲು ಗೋಡೆ ಹೇಗಿತ್ತೆಂಬುದು ಅದಕ್ಕೆ ಗೊತ್ತಿರುವುದು. ತಮ್ಮ ಕಟ್ಟಡದ ವಿಷಯದಲ್ಲಿ ಇಲ್ಲದಿರುವುದು ಅದೊಂದೇ.

ಶೇಕ್ ಟೇಬಲ್ ಎಂದರೆ ಹೈಡ್ರಾಲಿಕ್ ಜಾಕ್‌ಗಳು ಕಂಪ್ಯೂಟರಿನ ಆಜ್ಞೆಯಂತೆ ಅಲುಗಾಡಿಸುವ ಉಕ್ಕಿನ ವೇದಿಕೆ. ಜಪಾನಿನ ಮಿಕಿ ನಗರದಲ್ಲಿರುವ 20 ಮೀಟರ್ ಉದ್ದ, 15 ಮೀಟರ್ ಅಗಲದ ಟೇಬಲ್ 1,200 ಟನ್ ಭಾರದ ಇಡೀ ಕಟ್ಟಡವನ್ನೇ ಹೊರಬಲ್ಲದು. ಉಳಿದ ಹೆಚ್ಚಿನ ಕಡೆ ಅರ್ಧ ಅಥವಾ ಮೂರನೇ ಒಂದರಷ್ಟು ಅಳತೆಯ ಮಾದರಿಗಳಲ್ಲೇ ಕೆಲಸ ಸಾಗಬೇಕು. ಅದೇ ಇಟ್ಟಿಗೆ, ಅದೇ ಗಾರೆಯಲ್ಲಿ ಅರ್ಧ ಅಳತೆಯ ಮನೆ ಕಟ್ಟಿದರೆ ಗೋಡೆಯ ಬುಡದ ಮೇಲೆ ಸ್ವಂತ ಭಾರದಿಂದ ಬೀಳುವ ಒತ್ತಡವೂ ಅರ್ಧವಾಗುತ್ತದೆ. ಗಾರೆಯ ಕೀಲುಗಳು ಜಾರದಂತೆ ಹಿಡಿದಿಡುವುದು ಆ ಒತ್ತಡವೇ ಆದ್ದರಿಂದ, ಅಂತಸ್ತುಗಳ ಮೇಲೆ ಕಬ್ಬಿಣದ ತೂಕಗಳನ್ನು ಬಿಗಿದು ಕೊರತೆ ತುಂಬುತ್ತಾರೆ. ಈ ಹೊಂದಾಣಿಕೆ ಮಾಡದ ಪರೀಕ್ಷೆಯ ಫಲಿತಾಂಶವನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ಮಾದರಿಯನ್ನು ಬಿಗಿದ ಮೇಲೆ ಮೊದಲು ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಅಲುಗಾಡಿಸಿ, ಅದರ ಸಹಜ ಆವರ್ತನವನ್ನು, ಅಂದರೆ ಕಟ್ಟಡ ತಾನಾಗಿ ಸೆಕೆಂಡಿಗೆ ಎಷ್ಟು ಸಲ ತೂಗಾಡಲು ಬಯಸುತ್ತದೆಂಬುದನ್ನು, ಆಕ್ಸಿಲರೋಮೀಟರುಗಳೆಂಬ ಕಂಪನ ಅಳೆಯುವ ಸೆನ್ಸರುಗಳಿಂದ ದಾಖಲಿಸುತ್ತಾರೆ. ಆನಂತರ ನಿಜವಾದ ಭೂಕಂಪವೊಂದರ ದಾಖಲೆಯನ್ನು ಹಂತ ಹಂತವಾಗಿ ತೀವ್ರಗೊಳಿಸುತ್ತಾ ಕೊಡುತ್ತಾರೆ; ತಮ್ಮ ಹಿರಿಯರು ನೆನೆಯುವ ಅದೇ ಕೊಯ್ನಾ ಕಂಪನ ಅಣೆಕಟ್ಟಿನೊಳಗಿನ ಉಪಕರಣದಲ್ಲಿ ದಾಖಲಾಗಿದ್ದು, ನಮ್ಮ ದೇಶದ ಎಂಜಿನಿಯರರು ಇಂದಿಗೂ ಅದನ್ನು ಬಳಸುತ್ತಾರೆ. ಪ್ರತಿ ಹಂತದ ನಂತರ ಮತ್ತೆ ಮೆಲ್ಲನೆಯ ಕಂಪನ ಕೊಟ್ಟು ಆವರ್ತನವನ್ನು ಅಳೆಯುತ್ತಾರೆ. ಗೋಡೆಯ ಬಿಗಿತವು ಆವರ್ತನದ ವರ್ಗಕ್ಕೆ ಅನುಗುಣವಾಗಿರುವುದರಿಂದ, 8 ಹರ್ಟ್ಜ್ (ಸೆಕೆಂಡಿಗೆ 8 ಸಲ) ಇದ್ದದ್ದು 6.4ಕ್ಕೆ ಇಳಿದರೆ ಬಿಗಿತವು ಶೇ 64ಕ್ಕೆ ಕುಸಿದಿದೆ, ಅಂದರೆ ಶೇ 36ರಷ್ಟು ಕಳೆದುಹೋಗಿದೆ. ತಾವು ಕೇಳಿರುವ ‘ಅಂಕಿ’ ಬಹುಮಟ್ಟಿಗೆ ಇದೇ. ಕೀಲುಗಳಲ್ಲಿ ಗಾರೆ ಸಡಿಲವಾಗತೊಡಗಿದಾಗಲೇ ಆವರ್ತನ ಇಳಿಯುವುದರಿಂದ, ಬಿರುಕು ಕಣ್ಣಿಗೆ ಬೀಳುವ ಮೊದಲೇ ಎಷ್ಟೋ ಸಲ ಈ ಸೂಚನೆ ದೊರೆಯುತ್ತದೆ.

ಆದರೆ ಆ ಅಂಕಿಯೊಂದನ್ನೇ ನಂಬುವುದು ಸರಿಯಲ್ಲ. ಅದು ಇಡೀ ಕಟ್ಟಡದ ಲೆಕ್ಕ ಹೇಳುತ್ತದೆಯೇ ಹೊರತು ಹಾನಿ ಎಲ್ಲಿದೆಯೆಂದು ಹೇಳುವುದಿಲ್ಲ; ಎರಡು ಗೋಡೆಗಳು ಕೂಡುವ ಮೂಲೆ ಬಿಟ್ಟುಕೊಂಡು ಒಂದು ಗೋಡೆ ಹೊರಕ್ಕೆ ಬೀಳುವ ಸ್ಥಿತಿಯಲ್ಲಿದ್ದರೂ ಒಟ್ಟು ಆವರ್ತನ ಅಷ್ಟೇನೂ ಬದಲಾಗದೆ ಇರಬಹುದು. ಆದ್ದರಿಂದ ಮೂಲೆಗಳಲ್ಲೂ ಗೋಡೆಯ ನಡುವೆಯೂ ಅದು ಎಷ್ಟು ಸರಿಯಿತೆಂದು ಅಳೆಯುವ ಸೆನ್ಸರುಗಳನ್ನು ಕೂರಿಸುತ್ತಾರೆ, ಗೋಡೆಗೆ ಚುಕ್ಕಿಗಳನ್ನು ಬಳಿದು ಅವುಗಳ ಚಲನೆಯನ್ನು ಕ್ಯಾಮೆರಾದಲ್ಲಿ ಹಿಂಬಾಲಿಸುತ್ತಾರೆ. ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಎಷ್ಟು ಸರಿಯಿತೆಂಬುದನ್ನು ಅಂತಸ್ತಿನ ಎತ್ತರದಿಂದ ಭಾಗಿಸಿದಾಗ ದೊರೆಯುವ ಅನುಪಾತವೇ ಡ್ರಿಫ್ಟ್. ಓರೆ ಬಿರುಕು ಬಿಡುವ ಇಟ್ಟಿಗೆ ಗೋಡೆಗೆ ಶೇ 0.4ರಷ್ಟು ಡ್ರಿಫ್ಟ್ ಬಂದರೆ ಅದನ್ನು ಗಣನೀಯ ಹಾನಿಯೆಂದು ಯುರೋಪಿನ ಕಟ್ಟಡ ಸಂಹಿತೆ ಪರಿಗಣಿಸುತ್ತದೆ. 3 ಮೀಟರ್ ಎತ್ತರದ ಗೋಡೆಗೆ ಅದು ಕೇವಲ 12 ಮಿಲಿಮೀಟರ್.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಲುಗಾಟದ ಗಳಿಗೆಯಲ್ಲಿ ಹಲವು ಮಿಲಿಮೀಟರ್ ಬಾಯ್ತೆರೆದ ಬಿರುಕು, ಅದು ನಿಂತೊಡನೆ ಮೇಲಿನ ಭಾರಕ್ಕೆ ಮುಚ್ಚಿಕೊಂಡು ಕೂದಲೆಳೆಯಷ್ಟೇ ಉಳಿಯಬಹುದು. ಭೂಕಂಪದ ಮರುದಿನ ಅಳತೆಪಟ್ಟಿ ಹಿಡಿದು ‘ಸಣ್ಣ ಬಿರುಕು, ಚಿಂತೆಯಿಲ್ಲ’ ಎನ್ನುವವರ ಮಾತನ್ನು ನಾನು ಸುಲಭವಾಗಿ ಒಪ್ಪದಿರುವುದು ಇದಕ್ಕಾಗಿಯೇ. ಹಾನಿಯನ್ನು 1ರಿಂದ 5ರವರೆಗಿನ ದರ್ಜೆಗಳಲ್ಲಿ ಹೇಳುವ 1998ರ ಯುರೋಪಿಯನ್ ಮಾಪಕವೂ ಕಣ್ಣಿಗೆ ಕಂಡದ್ದನ್ನೇ ಆಧರಿಸಿದೆ. ಪ್ರಯೋಗಾಲಯದ ಕೆಲಸವೆಂದರೆ ಆ ದರ್ಜೆಗಳಿಗೆ ಡ್ರಿಫ್ಟ್ ಮತ್ತು ಆವರ್ತನದ ಅಂಕಿಗಳನ್ನು ಜೋಡಿಸುವುದು. ಒಂದೇ ಮಾದರಿಯನ್ನು ಮತ್ತೆ ಮತ್ತೆ ಅಲುಗಾಡಿಸುವುದರಿಂದ ಕೊನೆಯ ಹಂತದ ಹಾನಿಯಲ್ಲಿ ಹಿಂದಿನ ಹಂತಗಳ ಪಾಲೂ ಸೇರಿರುತ್ತದೆ ಎಂಬುದನ್ನು ವರದಿ ಓದುವವರು ಮರೆಯಬಾರದು.

ಇನ್ನು ತಮ್ಮ ಕಟ್ಟಡ. ಭೂಕಂಪವು ಗೋಡೆಯನ್ನು ಎರಡೂ ದಿಕ್ಕಿಗೆ ಎಳೆದಾಡುವುದರಿಂದ ಓರೆ ಬಿರುಕುಗಳು ಒಂದನ್ನೊಂದು ಕತ್ತರಿಸಿ ಗುಣಾಕಾರದ ಚಿಹ್ನೆಯಂತೆ ಮೂಡುವುದು ಹೆಚ್ಚು. ಒಂದೇ ದಿಕ್ಕಿನ ಓರೆ ಬಿರುಕು ಪಾಯ ಕುಸಿದದ್ದರಿಂದಲೂ ಬರಬಹುದು. ಆದ್ದರಿಂದ ಹಿರಿಯರ ಮಾತನ್ನು ಸುಳ್ಳೆನ್ನದಿದ್ದರೂ ಪುರಾವೆಯೆಂದು ಹಿಡಿಯಲಾರೆ. 1967ಕ್ಕೆ ಮೊದಲಿನ ಆವರ್ತನ ಯಾರ ಬಳಿಯೂ ಇಲ್ಲದಿರುವುದರಿಂದ ಅಂದಿನ ಹಾನಿ ಶೇಕಡಾ ಎಷ್ಟೆಂದು ಈಗ ಯಾರೂ ಹೇಳಲಾರರು. ಇಂದಿನ ಸ್ಥಿತಿಯನ್ನು ದಾಖಲಿಸಲು ಮಾತ್ರ ಅಡ್ಡಿಯಿಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪನಿಯಮಗಳ ಪ್ರಕಾರ 30 ವರ್ಷ ದಾಟಿದ ಕಟ್ಟಡಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಭದ್ರವಾಗಿದೆಯೆಂಬ ತಪಾಸಣೆ, ಆಗಬೇಕು. ಆಗಲೇ ಪ್ರತಿ ಅಂತಸ್ತಿನಲ್ಲೂ ಸೆನ್ಸರ್ ಇಟ್ಟು, ರಸ್ತೆಯ ಬಸ್ಸು ಮತ್ತು ಗಾಳಿಯಿಂದ ಉಂಟಾಗುವ ಸಣ್ಣ ಕಂಪನಗಳಿಂದಲೇ ಆವರ್ತನವನ್ನು ಅಳೆದುಕೊಡಲು ಎಂಜಿನಿಯರರನ್ನು ಕೇಳಿರಿ. ನೆನೆದ ಗೋಡೆಯ ವರ್ತನೆ ಬೇರೆಯಾದ್ದರಿಂದ ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಅಳೆಯಿಸಿ, ಸೆನ್ಸರ್ ಇಟ್ಟ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿರಿ. ಒಳಗೋಡೆ ಒಡೆಸಿದರೆ ಅದನ್ನೂ ದಿನಾಂಕ ಸಹಿತ ಬರೆದಿಡಿರಿ. ಇಲ್ಲವಾದರೆ ಮುಂದೆ ಯಾರೋ ಆ ಬದಲಾವಣೆಯನ್ನು ಭೂಕಂಪದ ತಲೆಗೆ ಕಟ್ಟುತ್ತಾರೆ.

ಪ್ರಶ್ನೆ: ಮಡಗಾಂವ್‌ನಲ್ಲಿ ನಮ್ಮದು ಜಂಬಿಟ್ಟಿಗೆ ಕಲ್ಲಿನ ಮನೆ. ಇಟ್ಟಿಗೆ ಗೋಡೆಯ ಪರೀಕ್ಷೆಗಳ ಮಿತಿಗಳು ಇದಕ್ಕೂ ಸಲ್ಲುತ್ತವೆಯೇ?
– ಓದುಗರೊಬ್ಬರು, ಗೋವಾ

ಉತ್ತರ: ಅಳೆಯುವ ಕ್ರಮ ಸಲ್ಲುತ್ತದೆ, ಅಂಕಿಗಳು ನೇರವಾಗಿ ಸಲ್ಲುವುದಿಲ್ಲ. ಜಂಬಿಟ್ಟಿಗೆಯ ಗಟ್ಟಿತನ ಗಣಿಯಿಂದ ಗಣಿಗೆ ಬೇರೆ. ನೆನೆದಾಗ ಅದು ಇನ್ನೂ ತಗ್ಗುತ್ತದೆ. ತಮ್ಮ ಮನೆಯ ಕಲ್ಲನ್ನೂ ಗಾರೆಯನ್ನೂ ಒಣಗಿದ ಮತ್ತು ನೆನೆದ ಎರಡೂ ಸ್ಥಿತಿಯಲ್ಲಿ ಪರೀಕ್ಷಿಸದೆ ಶೇ 0.4 ಎಂಬ ಮಿತಿಯನ್ನು ಅದಕ್ಕೆ ಅನ್ವಯಿಸಬೇಡಿರಿ.