ಗಣಿಗೆ ಬಂದ ಇಂಗ್ಲಿಷ್ ತಾತನ ಊರು ಯಾವುದು?

ಪ್ರಶ್ನೆ: ನಮ್ಮ ಅಜ್ಜಿಯ ತಾತ ಇಂಗ್ಲೆಂಡಿನವರು. 1890ರ ಹೊತ್ತಿಗೆ ಕೆಜಿಎಫ್‌ಗೆ ಗಣಿ ಕೆಲಸಕ್ಕೆ ಬಂದು ಇಲ್ಲೇ ಮದುವೆಯಾದರಂತೆ. ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅವರ ಊರು, ಮನೆಯವರನ್ನು ಹುಡುಕುವುದು ಹೇಗೆ?

ಉತ್ತರ: ಇಂಗ್ಲೆಂಡಿನಿಂದ ಶುರು ಮಾಡಬೇಡಿ, ಇಲ್ಲಿಂದ ಹಿಂದಕ್ಕೆ ಹೋಗಿ. ಮದುವೆ ದಾಖಲೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಯಾಕೆಂದರೆ ಸಾಮಾನ್ಯವಾಗಿ ಅದರಲ್ಲಿ ವಯಸ್ಸು, ಕಸುಬು, ತಂದೆಯ ಹೆಸರು ಇರುತ್ತವೆ. ಮೊದಲು ಚರ್ಚಿನಲ್ಲಿ ಕೇಳಿ. ಅಲ್ಲಿ ಇಲ್ಲ ಅಂದರೂ ಕೈಬಿಡಬೇಡಿ. ಮದ್ರಾಸ್ ಕಡೆಯ ಚರ್ಚುಗಳ ರಿಜಿಸ್ಟರಿನ ನಕಲುಗಳು ಆಗ ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆಮೇಲೆ ಇಂಗ್ಲೆಂಡಿನ 1881ರ ಜನಗಣತಿ ನೋಡಿ, ಫ್ಯಾಮಿಲಿಸರ್ಚ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಹುಟ್ಟಿದ ಊರೂ ಅದರಲ್ಲಿರುತ್ತದೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಜಿಲ್ಲೆಯಲ್ಲಿ ಮೊದಲು ಹುಡುಕಿ. ಅಲ್ಲಿ ತವರ, ತಾಮ್ರದ ಗಣಿಗಳು ಮುಚ್ಚುತ್ತಿದ್ದ ಕಾಲ ಅದು, ಕೆಜಿಎಫ್‌ಗೆ ಬಂದವರಲ್ಲಿ ಆ ಕಡೆಯವರು ಜಾಸ್ತಿ. ಒಂದೇ ಹೆಸರಿನ ನಾಲ್ಕು ಜನ ಸಿಗಬಹುದು, ಸುಮ್ನೆ ಒಬ್ಬರನ್ನು ನಮ್ಮವರು ಅಂದುಕೊಳ್ಳಬೇಡಿ! ತಂದೆಯ ಹೆಸರು, ವಯಸ್ಸು ಎರಡೂ ಹೊಂದಬೇಕು. ಹೊಂದಿದರೆ ಜನನ ಪ್ರಮಾಣಪತ್ರ ತರಿಸಿ. 1837ರ ಜುಲೈನಿಂದ ಅಲ್ಲಿ ಸರ್ಕಾರಿ ನೋಂದಣಿ ಇದೆ, ತಾಯಿಯ ಮದುವೆಗೆ ಮುಂಚಿನ ಮನೆತನದ ಹೆಸರೂ ಆ ಪ್ರಮಾಣಪತ್ರದಲ್ಲಿ ಸಿಗುತ್ತದೆ.